ಮಂತ್ರಕ್ಕೆ ಇಳಿಯದ ವಿಷ



ಹಾವು ಕಚ್ಚಿದವನನ್ನು ಮೊದಲು ಎಲ್ಲಿಗೆ ಒಯ್ಯಬೇಕೆಂಬ ಗೊಂದಲ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಅಳಿದಿಲ್ಲ. ಮಂತ್ರ ಹಾಕಿಸಿಕೊಂಡವರು, ನಾಟಿ ಮದ್ದು ಕುಡಿದವರು ಬದುಕಿ ಬಂದುದನ್ನು ಜನ ಕಣ್ಣಾರೆ ಕಂಡಿರುತ್ತಾರೆ. ಕಂಡದ್ದು ಸುಳ್ಳಲ್ಲ; ಗ್ರಹಿಸಿದ್ದು ಮಾತ್ರ ತಪ್ಪು. ನಮ್ಮ ನಾಡಿನ ಹೆಚ್ಚಿನ ಹಾವುಗಳಿಗೆ ಮಾರಕ ವಿಷವಿಲ್ಲ. ವಿಷದ ಹಾವು ಕೂಡ ಕೆಲವೊಮ್ಮೆ ವಿಷ ಬಿಡದೆಯೇ ಕಚ್ಚುವುದುಂಟು. ಅಂಥವರು ಏನೂ ಮಾಡದಿದ್ದರೂ ಬದುಕುತ್ತಿದ್ದರು. ಕೀರ್ತಿ ಮಂತ್ರಕ್ಕೆ ಸಂದಿತು.

ಆದರೆ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷ ಮೈಗೇರಿದರೆ, ಆ ವಿಷವನ್ನು ತಡೆಯುವುದೆಂದು ಸಿದ್ಧಪಟ್ಟ ಔಷಧ ಒಂದೇ: ಕುದುರೆಗಳ ರಕ್ತದಿಂದ ತಯಾರಿಸುವ ಪ್ರತಿವಿಷ. ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿದು ಕಟ್ಟುವುದು ಹಾನಿಯನ್ನೇ ಹೆಚ್ಚಿಸುತ್ತವೆ. ಕಟ್ಟುಹಾವಿನ ಕಡಿತದಲ್ಲಿ ನೋವು, ಬಾವು ಅಷ್ಟಾಗಿ ಕಾಣವು; ಏನೂ ಆಗಿಲ್ಲವೆಂದು ಮಲಗಿದವನ ಉಸಿರು ಬೆಳಗಾಗುವುದರೊಳಗೆ ನಿಲ್ಲಬಹುದು.

2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಮಡಿದರೆಂದು ಸಂಶೋಧಕರು ಅಂದಾಜಿಸಿದ್ದಾರೆ. ಇವರಲ್ಲಿ ಬಹುಪಾಲು ಹಳ್ಳಿಗರು. 'ಮೊದಲು ಮಂತ್ರ, ಆಮೇಲೆ ಆಸ್ಪತ್ರೆ' ಎಂಬ ರಾಜಿಯೂ ಸಲ್ಲದು. ಕೈತಪ್ಪಿದ ಹೊತ್ತು ಮರಳಿ ಬಾರದು.

ಮಂತ್ರ ಹಾಕುವವರಲ್ಲಿ ಹಣ ಮುಟ್ಟದ ಸಜ್ಜನರಿದ್ದಾರೆ. ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವರೇ ಮುಂದೆ ನಿಂತು, '108ಕ್ಕೆ ಕರೆಮಾಡಿ, ಕಚ್ಚಿದ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯಿರಿ' ಎಂದರೆ ಊರೇ ಕೇಳುತ್ತದೆ. ಪ್ರಾರ್ಥನೆಯನ್ನು ಮನೆಯಲ್ಲಿರುವವರು ಮಾಡಲಿ. ಕಡಿತಕ್ಕೊಳಗಾದವನು ಆಸ್ಪತ್ರೆಯ ಹಾದಿಯಲ್ಲಿರಲಿ.