ಟೇಪು ನಮ್ಮ ಕೈಗೆ ಬರಲಿ

 

ನಮ್ಮ ಬಟ್ಟೆ ನಾವೇ ಹೊಲಿದುಕೊಳ್ಳೋಣ ಅಂದರೆ ನಮ್ಮ ಬಳಗದಲ್ಲೇ ಎರಡು ಥರದ ಸಿಟ್ಟು ಬರುತ್ತೆ. ಒಂದು ಓದಿಕೊಂಡವರದ್ದು: "ಬಾಬಾಸಾಹೇಬರು ಪುಸ್ತಕ ಹಿಡಿ ಅಂದ್ರು, ನೀವು ಸೂಜಿ ಹಿಡಿ ಅಂತೀರಿ." ಇನ್ನೊಂದು ಓಣಿಯ ಹೆಂಗಸರದ್ದು, ಅದೇ ಹೆಚ್ಚು ಪ್ರಾಮಾಣಿಕ: "ಹೊಲಕ್ಕ ಹೋಗಿ ಬಂದು, ರೊಟ್ಟಿ ಬಡದು, ಆಮ್ಯಾಲ ಹೊಲಿಗಿ ಹಾಕಂತ ಕುಂದರಾಕ ಮನಸರ ಹೆಂಗ ಬರ್ತದ? ಸಂತಿಯಾಗ ರೆಡಿಮೇಡ್ ಸಿಗ್ತದಲ್ಲ." ಮೊದಲು ಈ ಎರಡನೇದಕ್ಕೆ ಉತ್ತರ ಹೇಳ್ತೀನಿ.

ಹೊಲಿದರೆ ದುಡ್ಡು ಉಳಿಯುತ್ತೆ ಅನ್ನೋದು ಅರ್ಧ ಸತ್ಯ. ಯರಗೇರಾದಿಂದ ಬಸ್ ಹತ್ತಿ ರಾಯಚೂರಿಗೆ ಹೋಗಿ ಮೀಟರ್ ಲೆಕ್ಕದಲ್ಲಿ ಬಟ್ಟೆ ತಂದು ಮಗುವಿಗೆ ಫ್ರಾಕ್ ಹೊಲಿದರೆ, ಬಸ್ ಚಾರ್ಜು ಸೇರಿ, ರಸ್ತೆ ಬದಿ ಗುಡ್ಡೆ ಹಾಕಿ ಮಾರೋ ಫ್ರಾಕಿಗಿಂತ ಅದೇ ತುಟ್ಟಿ ಬೀಳಬಹುದು. ಹೀಗಿರುವಾಗ "ಉಳಿತಾಯ ಮಾಡಿ ಸಹೋದರಿಯರೇ" ಅಂತ ಭಾಷಣ ಬಿಗಿದರೆ ಯಾರೂ ನಂಬಲ್ಲ, ನಂಬಬೇಕಾಗೂ ಇಲ್ಲ. ಉಳಿಯೋದು ಬೇರೆ ಕಡೆ. ಬ್ಲೌಸಿನ ಹೊಲಿಗೆ ಕೂಲಿಯಲ್ಲಿ ಉಳಿಯುತ್ತೆ, ಒಳಲಂಗದಲ್ಲಿ ಉಳಿಯುತ್ತೆ. ಹರಿದದ್ದನ್ನು ಸರಿ ಮಾಡೋದರಲ್ಲಿ ಉಳಿಯುತ್ತೆ. ಸರ್ಕಾರಿ ಶಾಲೆಯ ಸಮವಸ್ತ್ರ ಪೀಸಿನ ರೂಪದಲ್ಲಿ ಬಂದಾಗ ಬಟ್ಟೆ ಪುಕ್ಕಟೆ, ಹೊಲಿಗೆ ಕೂಲಿ ಮಾತ್ರ ಅಪ್ಪ-ಅವ್ವನ ತಲೆ ಮೇಲೆ. ಮೂರು ಮಕ್ಕಳಿದ್ದ ಮನೆಗೆ ಅದು ಸಣ್ಣ ದುಡ್ಡಲ್ಲ.

ಆದರೆ ದಣಿದ ಕೈಗೆ ಉಳಿತಾಯದ ಲೆಕ್ಕ ಸೂಜಿ ಹಿಡಿಸಲ್ಲ. ಬೇರೆ ಕಾರಣ ಬೇಕು, ಆ ಕಾರಣ ನಮ್ಮಲ್ಲಿ ಐತಿ.

ನಮ್ಮ ಹಿರಿಯರನ್ನು ಕೇಳಿ ನೋಡಿ, ಅವರಿಗೆ ದರ್ಜಿ ಟೇಪು ಹಿಡಿದು ಅಳತೆ ತಗೊಂಡಿದ್ದು ಯಾವಾಗ ಅಂತ. "ದೂರ ನಿಲ್ಲು, ಕಣ್ಣಳತಿ ಸಾಕು" ಅನ್ನಿಸಿಕೊಂಡವರು ಇನ್ನೂ ಬದುಕಿದ್ದಾರೆ. ಇಲ್ಲಾಂದ್ರೆ ಹಳೆ ಅಂಗಿ ಒಗೆದು ತಂದಿಡು, ಅದನ್ನು ನೋಡಿ ಹೊಲಿತೀನಿ. ಇದು ಬರೀ ನಮ್ಮ ಕಡೆಯ ಕಥೆ ಅಲ್ಲ. 11 ರಾಜ್ಯಗಳ 565 ಹಳ್ಳಿಗಳಲ್ಲಿ ಅಸ್ಪೃಶ್ಯತೆಯ ಸಮೀಕ್ಷೆ ಮಾಡಿ 2006ರಲ್ಲಿ ಪುಸ್ತಕವಾಗಿ ತಂದವರು, ಹೋಟೆಲ್ ಲೋಟ, ಕ್ಷೌರದ ಅಂಗಡಿ, ಗುಡಿ ಬಾಗಿಲ ಜೊತೆಗೆ ದಲಿತರ ಅಳತೆ ತಗೊಳ್ಳದ ದರ್ಜಿಯನ್ನೂ ದಾಖಲು ಮಾಡಿದ್ದಾರೆ. ಕಣ್ಣಳತೆಯಲ್ಲಿ ಹೊಲಿದ ಅಂಗಿ ಭುಜದಲ್ಲಿ ಜಾರುತ್ತೆ, ಕಂಕುಳಲ್ಲಿ ಹಿಡಿಯುತ್ತೆ. ಅದನ್ನು ಹಾಕಿಕೊಂಡವನನ್ನು ನೋಡಿ "ಇವರಿಗೆ ಬಟ್ಟೆ ಹಾಕ್ಕೊಳ್ಳೋಕೂ ಬರಲ್ಲ" ಅಂತ ನಗೋರೂ ಅವರೇ.

ಇನ್ನು ಗೌಡರ ಮನೆಯ ಹಳೆ ಬಟ್ಟೆ. ಮನುಸ್ಮೃತಿಯ 10ನೇ ಅಧ್ಯಾಯದಲ್ಲಿ ಚಂಡಾಲರು ಸತ್ತವರ ಬಟ್ಟೆ ಉಡಬೇಕು ಅಂತ ಕಟ್ಟಳೆ ಇದೆ. ಈಗ ಸತ್ತವರದ್ದು ಕೊಡಲ್ಲ, ಬೇಡವಾದದ್ದು ಕೊಡ್ತಾರೆ. ಕಷ್ಟಕ್ಕೆ ಇಸಕೊಂಡವರನ್ನು ನಾನು ಬೈಯಲ್ಲ, ಚಳಿಗೆ ಮಕ್ಕಳ ಮೈ ಮುಚ್ಚಬೇಕಲ್ಲ. ಆದರೆ ಇನ್ನೊಬ್ಬರ ಮೈಗೆ ಹೊಲಿದದ್ದು ನಮ್ಮ ಮೈಗೆ ಕೂರಲ್ಲ, ಅದನ್ನು ಹಾಕಿಕೊಂಡಾಗೆಲ್ಲ ಅದು ಯಾರ ಮನೆಯದು ಅಂತ ಇಡೀ ಊರಿಗೆ ಗೊತ್ತಿರುತ್ತೆ.

ಬಾಬಾಸಾಹೇಬರು ಬಟ್ಟೆ ಬಗ್ಗೆ ಮಾತಾಡಿಲ್ಲ ಅನ್ನೋರು 1927ರ ಡಿಸೆಂಬರ್‌ಗೆ ಹೋಗಬೇಕು. 25ನೇ ತಾರೀಖು ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. ಅದೇ ಸಮ್ಮೇಳನದಲ್ಲಿ ಹೆಣ್ಣುಮಕ್ಕಳನ್ನು ಪ್ರತ್ಯೇಕವಾಗಿ ಉದ್ದೇಶಿಸಿ ಮಾತಾಡಿದರು. ನಿಮ್ಮ ಸೀರೆ ಉಡೋ ರೀತಿ, ಕೈಕಾಲಿನ ಬೆಳ್ಳಿ ಕಂಚಿನ ಭಾರ ನಿಮ್ಮ ಜಾತಿಯ ಗುರುತಾಗಿವೆ, ಬಿಟ್ಟುಬಿಡಿ, ಪಾದದವರೆಗೆ ಸೀರೆ ಉಡಿ, ಬಟ್ಟೆ ಹರಿದಿದ್ದರೂ ಸ್ವಚ್ಛವಾಗಿರಲಿ ಅಂತ ಅದರ ಸಾರ. ಕೇಳಿದ ಹೆಂಗಸರು ಸೀರೆ ಉಡೋ ರೀತಿಯನ್ನೇ ಬದಲಿಸಿಕೊಂಡರು. ನಮ್ಮ ನಾಡಿನಲ್ಲೂ 1986ರಲ್ಲಿ ದಸಂಸ ಕಾರ್ಯಕರ್ತರು ಚಂದ್ರಗುತ್ತಿಗೆ ಹೋಗಿದ್ದು ಬೆತ್ತಲೆ ಸೇವೆ ತಡೆಯೋಕೆ. ಆ ದಿನ ಅವರ ಮೇಲೂ ಪೊಲೀಸರ ಮೇಲೂ ಹಲ್ಲೆ ಆಯ್ತು. 2023ರಲ್ಲಿ ಗುಜರಾತಿನ ಬನಾಸಕಾಂಠಾದಲ್ಲಿ ಒಳ್ಳೆ ಬಟ್ಟೆ, ಕೂಲಿಂಗ್ ಗ್ಲಾಸ್ ಹಾಕಿದ ಅಂತ ದಲಿತ ಯುವಕನಿಗೆ ಹೊಡೆದರು. ಬಟ್ಟೆ ಸಣ್ಣ ವಿಷಯ ಅಂತ ನಮಗೆ ಹೇಳೋರಿಗೆ, ಅದು ಸಣ್ಣ ವಿಷಯವಲ್ಲ ಅಂತ ಚೆನ್ನಾಗಿ ಗೊತ್ತಿದೆ.

ಈಗ ಹೊಲಕ್ಕೆ ಬರ್ತೀನಿ. ಹತ್ತಿ ಬಿಡಿಸೋಕೆ ಹೋಗೋ ನಮ್ಮ ಹೆಂಗಸರು ಏನು ಹಾಕ್ಕೊಂಡಿರ್ತಾರೆ? ಸೀರೆ ಮೇಲೆ ಗಂಡನ ಹಳೆ ಫುಲ್ ತೋಳಿನ ಅಂಗಿ. ಬಿಸಿಲಿಗೆ, ಗಿಡದ ತರಚಿಗೆ, ಹೊಡೆದ ಎಣ್ಣೆಯ ನಂಜಿಗೆ ಅದೇ ಗುರಾಣಿ. ತೋಳು ಉದ್ದ ಅಂತ ಮಡಚಿದರೆ ಕೈ ತರಚುತ್ತೆ, ಬಿಟ್ಟರೆ ಗಿಡಕ್ಕೆ ಸಿಗುತ್ತೆ. ಎದೆ ಹತ್ತಿರ ಗುಂಡಿ ಬಾಯಿ ಬಿಡುತ್ತೆ. ಜೇಬು ಇರೋದೊಂದು, ಬಗ್ಗಿದರೆ ಫೋನು ಕೆಳಗೆ. ಬಿಡಿಸಿದ ಹತ್ತಿ ತುಂಬೋಕೆ ಸೊಂಟಕ್ಕೆ ಹಳೆ ಬಟ್ಟೆಯ ಉಡಿ ಬೇರೆ. ಮದುವೆಗೆ ಉಡೋಕೆ ನೂರು ನಮೂನೆ ಸೀರೆ ಮಾರೋ ರಾಯಚೂರು ಪೇಟೆಯಲ್ಲಿ, ದಿನಪೂರ್ತಿ ಹತ್ತಿ ಬಿಡಿಸೋ ಹೆಣ್ಣಿನ ಮೈಗೆ ಅಂತ ಹೊಲಿದ ಒಂದು ಅಂಗಿ ತೋರಿಸಿ ನೋಡೋಣ. ಜಿಲ್ಲೆಯ ಹತ್ತಿ ನಮ್ಮ ಬೆರಳಿಂದ ಹಾದು ಮಾರುಕಟ್ಟೆಗೆ ಹೋಗುತ್ತೆ, ನಮ್ಮ ಮೈಮೇಲೆ ಮಾತ್ರ ಪಾಲಿಸ್ಟರ್.

ಅದಕ್ಕೇ ನಾನು ಹೇಳೋದು, ಮೊದಲು ಬ್ಲೌಸು ಬೇಡ. ಅದು ಕಷ್ಟ, ಕಟೋರಿ-ಡಾಟ್ಸ್‌ನಲ್ಲಿ ಸಿಕ್ಕಿಹಾಕಿಕೊಂಡು ಅರ್ಧಕ್ಕೆ ಬಿಡ್ತೀರಿ. ಮೊದಲು ಹೊಲದ ಅಂಗಿ ಹೊಲೀರಿ. ಹೊಸ ಬಟ್ಟೆ ಬೇಕಾಗಿಲ್ಲ. ಒಂದು ಹಳೆ ಕಾಟನ್ ಸೀರೆ, ಐದೂವರೆ ಮೀಟರ್ ಇರುತ್ತಲ್ಲ, ಸವೆದ ಭಾಗ ಕತ್ತರಿಸಿ ತೆಗೆದರೂ ಒಂದು ಅಂಗಿಗೂ ಒಂದು ಉಡಿ ಚೀಲಕ್ಕೂ ಸಾಕಾಗಿ ಮಿಗುತ್ತೆ. ನೈಲಾನ್ ಸೀರೆ ಬೇಡ, ಕತ್ತರಿ ಕೆಳಗೆ ಜಾರುತ್ತೆ, ಮೈಯೂ ಬೇಯುತ್ತೆ. ಕೂರೋ ಒಂದು ಹಳೆ ಅಂಗಿಯ ಹೊಲಿಗೆ ಬಿಚ್ಚಿ, ಪೇಪರ್ ಮೇಲೆ ಹಾಸಿ ಗೆರೆ ಎಳೆದುಕೊಳ್ಳಿ. ಎದೆ, ತೋಳು, ಬೆನ್ನು ಎಲ್ಲಿ ಹಿಡಿತಿತ್ತು ಅಂತ ನಿಮಗೇ ಗೊತ್ತು, ಅಲ್ಲಿ ಅಗಲ ಮಾಡಿ. ಪಕ್ಕದ ಮನೆಯವಳು ಟೇಪು ಹಿಡಿದು ನಿಮ್ಮ ಭುಜ ಅಳೀಲಿ, ನೀವು ಅವಳದ್ದು ಅಳೀರಿ. ಕೈ ಎತ್ತಿ ಬಗ್ಗಿ ಕೆಲಸ ಮಾಡೋ ಮೈ ಇದು, ನೆಟ್ಟಗೆ ನಿಂತು ಅಳೆದರೆ ಸಾಲದು, ಕೈ ಚಾಚಿಸಿ ಬೆನ್ನಿನ ಅಗಲ ತಗೊಳ್ಳಿ. ಮಷಿನ್ ಇಲ್ಲಾಂದ್ರೆ ಕೈಹೊಲಿಗೆ ಸಾಕು. ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬರೋ ಹೊಲಿಗೆ ಹಾಕಿದರೆ ಬೇಗ ಬಿಚ್ಚಲ್ಲ. ಜೇಬು ಎರಡು ಇಡಿ, ಒಂದು ಒಳಗೆ.

ಒಬ್ಬರೇ ಕೂತರೆ ಇದು ಆಗಲ್ಲ, ಅದೂ ನಿಜ. ಆದರೆ ನಮ್ಮವ್ವಂದಿರು ಕೌದಿ ಹಾಕಿದ್ದು ಒಬ್ಬರೇನಾ? ಹಳೆ ಸೀರೆ ಪದರು ಪದರಾಗಿ ಹಾಸಿ, ಮೇಲೆ ಚೂರು ಬಟ್ಟೆಯ ತ್ಯಾಪೆ ಕೂರಿಸಿ, ಮೂಲೆಗೊಬ್ಬರು ಕೂತು, ಅಂಚಿನಿಂದ ಒಳಕ್ಕೆ ಸಾಲು ಸಾಲು ದಾರ ಎಳೀತಾ ಬರ್ತಾರೆ. ಸಂಘದ ಮೀಟಿಂಗ್‌ಗೆ ಕರೆದರೆ ಬಾಯಿ ಬಿಡದ ಹೆಂಗಸರು ಕೌದಿ ಮುಂದೆ ಕೂತರೆ ಕೂಲಿ, ಕುಡುಕ ಗಂಡ, ರೇಷನ್, ಮೈಕ್ರೋಫೈನಾನ್ಸ್ ಕಂತು ಎಲ್ಲಾ ಮಾತಾಡ್ತಾರೆ. ನಮ್ಮ ಸಂಘಟನೆಗಳ ಗಂಡಸರು ಬ್ಯಾನರ್ ಕಟ್ಟೋದು ಬಿಟ್ಟು ಒಮ್ಮೆ ಅಲ್ಲಿ ಕೂತು ಕೇಳಬೇಕು. ಹಾಂ, ಗಂಡಸರು ಹೊಲಿಯಲೂಬೇಕು. ಅಂಗಡಿಯಲ್ಲಿ ಕೂತು ಹೊಲಿದರೆ ಗಂಡಸಿನ ಕಸುಬು, ಮನೆಯಲ್ಲಿ ಹೊಲಿದರೆ ಹೆಂಗಸಿನ ಕೆಲಸ, ಇದ್ಯಾವ ನ್ಯಾಯ? (ಸ್ವೆಟರ್ ಹೆಣಿಗೆ ಬಗ್ಗೆ ಕೇಳಿದವರಿಗೆ: ರಾಯಚೂರಿನ ಬಿಸಿಲಲ್ಲಿ ಸ್ವೆಟರ್ ಆಸೆ ನನಗಂತೂ ಇಲ್ಲ. ಆದರೆ ಉಲ್ಲನ್ ದಾರದಲ್ಲಿ ಬಾಗಿಲ ತೋರಣ ಹೆಣೆಯೋ ಹುಡುಗಿಯರ ಕೈಗೆ ಸೂಜಿ ಎರಡೇ ದಿನದಲ್ಲಿ ಬರುತ್ತೆ.)

ಈಗ ಓದಿಕೊಂಡವರ ಸಿಟ್ಟು. ಅದರಲ್ಲಿ ಸತ್ಯ ಇದೆ. ದಲಿತ ಹೆಣ್ಣುಮಗಳು ಭೂಮಿ ಕೇಳಿದರೂ, ಕೆಲಸ ಕೇಳಿದರೂ, ದೇವದಾಸಿ ಪದ್ಧತಿಯಿಂದ ಹೊರಬಂದು ಬದುಕು ಕೇಳಿದರೂ ಕೈಗೆ ಕೊಡೋದು ಹೊಲಿಗೆ ಮಷಿನ್ನು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಇದ್ದಾನೆ, ಚಪ್ಪಲಿ ಹೊಲಿಯೋರೂ ಇದ್ದಾರೆ. ಟೂಲ್‌ಕಿಟ್‌ಗೆ 15,000 ರೂಪಾಯಿ, ತರಬೇತಿಗೆ ದಿನಕ್ಕೆ 500, ಆಮೇಲೆ ಸಾಲ. ಅಪ್ಪನ ಕಸುಬಿಗೇ ಮಗನನ್ನು ಕಟ್ಟಿಹಾಕೋ ಯೋಜನೆ ಇದು ಅಂತ ತಮಿಳುನಾಡು ಸರ್ಕಾರ 2024ರ ನವೆಂಬರಿನಲ್ಲಿ ಈ ರೂಪದಲ್ಲಿ ಜಾರಿ ಮಾಡಲ್ಲ ಅಂದಿತು. ಸರಿಯಾಗೇ ಹೇಳಿತು. ಮಷಿನ್ ಕೊಟ್ಟರೆ ತಗೊಳ್ಳಿ, ಅದು ನಮ್ಮದೇ ತೆರಿಗೆ ದುಡ್ಡು. ಯರಗೇರಾದಲ್ಲೇ ವಿಶ್ವವಿದ್ಯಾಲಯ ಇದೆ, ಅಲ್ಲಿಗೆ ಹೋಗಬೇಕಾದ ಮಗಳ ಸೀಟಿಗೆ, ಸ್ಕಾಲರ್‌ಶಿಪ್ಪಿಗೆ ಬದಲಿಯಾಗಿ ಮಾತ್ರ ತಗೋಬೇಡಿ.

ಕೂಲಿಗಾಗಿ ಹೊಲಿಯೋದು ಬೇರೆ, ನಮಗಾಗಿ ಹೊಲಿಯೋದು ಬೇರೆ ಅನ್ನೋದನ್ನೂ ಮರೆಯಬಾರದು. ನಮ್ಮ ಕಡೆಯಿಂದ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋದ ಹುಡುಗಿಯರನ್ನು ಕೇಳಿ. ಒಬ್ಬಳು ದಿನವಿಡೀ ಕಾಲರ್, ಇನ್ನೊಬ್ಬಳು ದಿನವಿಡೀ ಕಫ್. ವರ್ಷಗಟ್ಟಲೆ ಹೊಲಿದರೂ ಒಂದು ಅಂಗಿಯನ್ನು ಮೊದಲಿಂದ ಕೊನೆವರೆಗೆ ಹೊಲಿದಿರಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡಿಗಾಗಿ ಬೆಂಗಳೂರಿನ ರಸ್ತೆ ತುಂಬಿಸಿ ಕೇಂದ್ರ ಸರ್ಕಾರವನ್ನು ಹಿಂದೆ ಸರಿಸಿದವರೂ ಈ ಹೆಣ್ಣುಮಕ್ಕಳೇ. ಕೈಯಲ್ಲಿ ಕಸುಬಿಲ್ಲ, ಧೈರ್ಯವಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.

ಹೊಲಿಗೆ ನಮಗೆ ಹೊಸದೂ ಅಲ್ಲ. ಉಳಿ, ರಂಪಿಗೆ ಹಿಡಿದು ತೊಗಲು ಹೊಲಿದವರು ನಾವು. ಹರಳಯ್ಯ-ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಚಮ್ಮಾವುಗೆ ಹೊಲಿದರು ಅನ್ನೋ ಕಥೆಯನ್ನು ಎಲ್ಲರೂ ಕೈ ಮುಗಿದು ಹೇಳ್ತಾರೆ. ನನಗೆ ಆ ಕಥೆ ಕೇಳಿದಾಗೆಲ್ಲ ಒಂದೇ ಅನುಮಾನ: ಅವರಿಬ್ಬರು ತಮ್ಮ ಕಾಲಿಗೆ ಏನು ಹಾಕ್ಕೊಂಡಿದ್ದರು?

ಕೊನೇಗೆ ಒಂದು ಕೇಳಿಕೆ. ಯರಗೇರಾ, ದೇವದುರ್ಗ, ಮಾನ್ವಿ ಕಡೆ ಯಾರ ಮನೆಯಲ್ಲಾದರೂ ಕಾಲಲ್ಲಿ ತುಳಿಯೋ ಹಳೆ ಮಷಿನ್ ಮೂಲೆಗೆ ಬಿದ್ದಿದ್ದರೆ ಇನ್‌ಬಾಕ್ಸ್‌ನಲ್ಲಿ ತಿಳಿಸಿ. ಉಷಾ, ಸಿಂಗರ್, ಮೆರಿಟ್, ಯಾವುದಾದರೂ ಸರಿ. ಬಾಬಿನ್ ಕೇಸ್ ಇಲ್ಲದಿದ್ದರೆ ಹೊಸದು ತರಿಸ್ತೀವಿ, ತುಕ್ಕು ಹಿಡಿದಿದ್ದರೆ ಎಣ್ಣೆ ಬಿಡ್ತೀವಿ. ಬೆಲ್ಟ್ ಹರಿದಿದ್ದರೆ ಚಿಂತೆಯೇ ಬೇಡ, ಅದು ತೊಗಲಿನದು.