ಗ್ಯಾಲರಿಗೂ ಒಂದು ಮತ ಇರಲಿ



ಫುಟ್‌ಬಾಲ್ ಅಭಿಮಾನಿಯೆಂದರೆ ಟಿಕೆಟ್ ಕೊಂಡು ಗಂಟಲು ಹರಿದುಕೊಳ್ಳುವವನು, ಅಷ್ಟೇ ನಮ್ಮ ಲೆಕ್ಕ. ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿನ ‘50+1’ ನಿಯಮದಂತೆ ಕ್ಲಬ್‌ನ ಮತಾಧಿಕಾರದ ಬಹುಪಾಲು, ಅಭಿಮಾನಿಗಳೂ ಸೇರಿರುವ ಸದಸ್ಯರ ಸಂಘದ ಕೈಯಲ್ಲೇ ಇರಬೇಕು. (ಲೈಪ್‌ಜಿಗ್ ಕ್ಲಬ್‌ನಂತೆ ಈ ನಿಯಮದ ರಂಗೋಲಿ ಕೆಳಗೆ ನುಸುಳಿದವರೂ ಉಂಟೆನ್ನಿ.) 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಲೀಗ್‌ನ ಪ್ರಸಾರ ಆದಾಯದಲ್ಲಿ ಹೂಡಿಕೆದಾರರಿಗೆ ಪಾಲು ಕೊಡಲು ಕ್ಲಬ್‌ಗಳು ಒಪ್ಪಿದಾಗ ಅಭಿಮಾನಿಗಳು ಸುಮ್ಮನಿರಲಿಲ್ಲ. ಟೆನಿಸ್ ಚೆಂಡು, ಚಾಕೊಲೇಟ್ ನಾಣ್ಯಗಳನ್ನು ಮೈದಾನಕ್ಕೆ ಎಸೆದು ಪಂದ್ಯದ ಮೇಲೆ ಪಂದ್ಯ ನಿಲ್ಲಿಸಿದರು. 2024ರ ಫೆಬ್ರುವರಿಯಲ್ಲಿ ಲೀಗ್ ಆ ಯೋಜನೆಯನ್ನೇ ಕೈಬಿಟ್ಟಿತು.

ಇಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ಬೆಂಗಳೂರು ಎಫ್‌ಸಿಗಾಗಿ ಹಾಡುವವರಿಗೆ ಮಾಲೀಕತ್ವವೇ ಬೇಕೆಂದಿಲ್ಲ. ಆದರೆ ನಮ್ಮ ದೇಶದ ಕ್ಲಬ್‌ಗಳು ಟಿಕೆಟ್ ದರ, ಜೆರ್ಸಿ, ಲಾಂಛನಗಳ ತೀರ್ಮಾನಕ್ಕೆ ಕೂರುವಾಗ ಅಭಿಮಾನಿಗಳ ಪ್ರತಿನಿಧಿಗೂ ಒಂದು ಕುರ್ಚಿ ಹಾಕಲಿ.

– ಒಬ್ಬ ಅಭಿಮಾನಿ, ಬೆಂಗಳೂರು