ಐವತ್ತೆಂಟರಿಂದ ಎಪ್ಪತ್ತರವರೆಗೆ: ದುಡಿದವರ ಆರೋಗ್ಯದ ಹೊಣೆ ಯಾರದು?

ದುಡಿಯುವವನಿಗೆ ಕಾಯಿಲೆ ಬಂದಾಗ ಚಿಕಿತ್ಸೆ ದೊರೆಯಬೇಕೆಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅವನು ದುಡಿಮೆಯಿಂದ ನಿವೃತ್ತನಾದ ಮೇಲೆ, ಅಂದರೆ ರೋಗಗಳು ನಿಜವಾಗಿ ಬೆನ್ನು ಹತ್ತುವ ವಯಸ್ಸಿನಲ್ಲಿ, ಆ ಹೊಣೆ ಯಾರದೆಂದು ಕೇಳಿದರೆ ಮಾಲೀಕರು ಸರ್ಕಾರದತ್ತಲೂ ಸರ್ಕಾರ ತನ್ನ ನಿಯಮಾವಳಿಗಳತ್ತಲೂ ಕೈತೋರಿಸುತ್ತಾರೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಲ್ಲಿ ಕೂಲಿಗೆ ನೇಯ್ದವರು, ನೆಲಮಂಗಲ ಹೊಸಕೋಟೆಗಳ ಗೋದಾಮುಗಳಲ್ಲಿ ಮೂಟೆ ಹೊತ್ತವರು, ದೇವನಹಳ್ಳಿ ಪೇಟೆಯ ಅಂಗಡಿಗಳಲ್ಲಿ ಲೆಕ್ಕ ಬರೆದವರು ಈ ಕೈತೋರಿಕೆಯ ನಡುವೆ ಸಿಕ್ಕಿಬಿದ್ದಿದ್ದಾರೆ.

ಸರ್ಕಾರದ ಯೋಜನೆಗಳೇನೋ ಇವೆ. 2018ರ ಮಾರ್ಚ್ 2ರಂದು ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯು ಅದೇ ವರ್ಷ ಆಯುಷ್ಮಾನ್ ಭಾರತದೊಡನೆ ಸೇರಿತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಇದರಲ್ಲಿ ಉಚಿತ. ಉಳಿದವರಿಗೆ ದೊರೆಯುವುದು ಗೊತ್ತುಪಡಿಸಿದ ದರದ ಶೇಕಡ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ವಯಸ್ಸನ್ನೇ ಆಧಾರವಾಗಿಟ್ಟು ಆದಾಯವನ್ನು ಕೇಳದ ಕೇಂದ್ರದ ವಿಸ್ತರಣೆಗೆ 2024ರ ಅಕ್ಟೋಬರ್ 29ರಂದು ಚಾಲನೆ ದೊರೆತರೂ ಅದು 70 ತುಂಬಿದವರಿಗೆ ಮಾತ್ರ. ಭವಿಷ್ಯನಿಧಿಯ ಪಿಂಚಣಿ ಆರಂಭವಾಗುವುದು 58ಕ್ಕೆ. ಅದರ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ 1000 ರೂಪಾಯಿ ಎಂದು ನಿಗದಿಪಡಿಸಲಾಯಿತು. ಮಗನಿಗೆ ಸಂಬಳದ ಕೆಲಸ ಸಿಕ್ಕಿ ಬಿ.ಪಿ.ಎಲ್. ಕಾರ್ಡು ಕೈತಪ್ಪಿದರೆ ನಡುವಿನ ಹನ್ನೆರಡು ವರ್ಷ ಈ ವೃದ್ಧ ದಂಪತಿಗಳು ಯಾರನ್ನು ಆಶ್ರಯಿಸಬೇಕು? ಮೇಲಾಗಿ ಈ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗಾಗಿ ಇರುವಂಥವು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ದಿನವೂ ನುಂಗಬೇಕಾದ ಮಾತ್ರೆಯ ಖರ್ಚು ಅವುಗಳ ಲೆಕ್ಕಕ್ಕೆ ಬಾರದು.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಬಲ್ಲ ವ್ಯವಸ್ಥೆಯೊಂದು ಆಗಲೇ ಇದೆ. ಅದು 1948ರ ಕಾಯ್ದೆಯಿಂದ ಹುಟ್ಟಿದ ಇ.ಎಸ್.ಐ. ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು ವಯೋನಿವೃತ್ತಿ ಹೊಂದಿದವನು ತನ್ನ ಮತ್ತು ಪತ್ನಿಯ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಿಕೊಳ್ಳಲು ಅದರ ನಿಯಮಗಳು ಗೊತ್ತುಪಡಿಸಿದ ಮೊತ್ತ ವರ್ಷಕ್ಕೆ 120 ರೂಪಾಯಿ. ಹೊರರೋಗಿಯ ಔಷಧಿಯೂ ಇದರಲ್ಲಿ ಸೇರಿದೆ. ಆದರೆ ಈ ಬಾಗಿಲು ತೆರೆಯುವುದು ದುಡಿಯುವ ದಿನಗಳಲ್ಲಿ ವಿಮೆಯೊಳಗಿದ್ದವನಿಗೆ ಮಾತ್ರ. ಅವನನ್ನು ಒಳಗೆ ಸೇರಿಸುವುದು ಮಾಲೀಕನ ಕೈಯಲ್ಲಿದೆ.

ಹತ್ತು ಮಂದಿಗಿಂತ ಕಡಿಮೆ ನೌಕರರಿದ್ದರೆ ವಿಮೆ ಕಡ್ಡಾಯವಲ್ಲ ಎಂಬ ಮಾತಿನ ಮರೆಯಲ್ಲಿ ಸಣ್ಣ ಉದ್ಯಮಗಳು ಇದುವರೆಗೆ ನಿಶ್ಚಿಂತವಾಗಿದ್ದವು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಆ ಮರೆಯನ್ನು ಸರಿಸಿದೆ. ಮಾಲೀಕನೂ ಬಹುಪಾಲು ನೌಕರರೂ ಒಪ್ಪಿದರೆ ಹತ್ತಕ್ಕಿಂತ ಕಡಿಮೆ ಮಂದಿಯಿರುವ ಸಂಸ್ಥೆಯೂ ಸ್ವಇಚ್ಛೆಯಿಂದ ಸೇರಬಹುದು. ವೆಚ್ಚವೆಷ್ಟು? 2019ರ ಜುಲೈಯಿಂದ ಇಳಿಸಿದ ದರದಂತೆ ಮಾಲೀಕನ ಪಾಲು ವೇತನದ ಶೇಕಡ 3.25, ನೌಕರನದು 0.75. ತಿಂಗಳಿಗೆ 15,000 ರೂಪಾಯಿ ಸಂಬಳದವನಿಗಾಗಿ ಮಾಲೀಕನು ತೆರಬೇಕಾದದ್ದು 487 ರೂಪಾಯಿ 50 ಪೈಸೆ. ಇಂದು 53 ವರ್ಷದವನನ್ನು ಸೇರಿಸಿದರೂ 58ಕ್ಕೆ ನಿವೃತ್ತನಾಗುವ ಹೊತ್ತಿಗೆ ಐದು ವರ್ಷ ತುಂಬುತ್ತದೆ. ಇಷ್ಟನ್ನೂ ತಿಳಿದ ಮೇಲೆ ಸುಮ್ಮನಿರುವುದು ಅಜ್ಞಾನವೆನಿಸದು, ಅದು ಲೋಭವೇ.

ಇ.ಎಸ್.ಐ. ಚಿಕಿತ್ಸಾಲಯಗಳು ದೂರ, ರಾಜಾಜಿನಗರದ ಆಸ್ಪತ್ರೆಗೆ ಹೋಗಿಬರುವುದರಲ್ಲೇ ದಿನ ಕಳೆಯುತ್ತದೆ ಎಂಬ ಆಕ್ಷೇಪವುಂಟು. ಆಕ್ಷೇಪ ಸಕಾರಣವಾದದ್ದೇ. ಆದರೆ ಸೇವೆ ಸುಧಾರಿಸಲೆಂದು ಒತ್ತಾಯಿಸಲು ಅದು ಆಧಾರವಾದೀತೇ ಹೊರತು, ನೌಕರನಿಗೆ ಆ ಸೇವೆಯೇ ಇಲ್ಲದಂತೆ ಮಾಡಲು ಆಗದು. ಕಾಯಿಲೆ ಬಿದ್ದಾಗ ಹಳೆಯ ಆಳಿಗೆ ಸಹಾಯ ಮಾಡಿಯೇ ಮಾಡುತ್ತೇವೆ ಎನ್ನುವ ಮಾಲೀಕರೂ ಇದ್ದಾರೆ. ಮೂವತ್ತು ವರ್ಷ ದುಡಿದವನು ಮುಪ್ಪಿನಲ್ಲಿ ಅದೇ ಗಲ್ಲಾಪೆಟ್ಟಿಗೆಯ ಮುಂದೆ ಕೈಚಾಚಿ ನಿಲ್ಲುವಂತಾದರೆ ಅವನ ಮಾನಕ್ಕೆ ಬೆಲೆಯೇನು ಉಳಿಯಿತು?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಶ್ರಾವಕಧರ್ಮ ಹೇಳುತ್ತದೆ. ಔಷಧದಾನದ ಹೆಸರಿನಲ್ಲಿ ಶಿಬಿರಗಳು ನಡೆಯುತ್ತವೆ, ದಾನಿಗಳ ಹೆಸರು ಕಲ್ಲಿನಲ್ಲಿ ಮೂಡುತ್ತದೆ. ಅದು ಶ್ಲಾಘ್ಯವೇ. ಆದರೆ ಬಸದಿಯ ಅರ್ಚಕ, ಅಡಿಗೆಯವನು, ಗುಮಾಸ್ತ, ರಾತ್ರಿಯ ಕಾವಲುಗಾರ ಇವರು ನಿವೃತ್ತರಾದಾಗ ಅವರ ಔಷಧಿಗೆ ಗತಿಯೇನೆಂಬುದನ್ನು ಎಷ್ಟು ಟ್ರಸ್ಟುಗಳ ಸಭೆಗಳು ಚರ್ಚಿಸಿವೆ? ಸಲ್ಲಬೇಕಾದುದನ್ನು ಸಲ್ಲಿಸದೆ ಕೊಡುವ ದಾನ ಬಾಕಿ ಉಳಿಸಿಕೊಂಡ ಸಾಲದಂತೆ.

ಆದ್ದರಿಂದ ಕರ್ತವ್ಯ ಸ್ಪಷ್ಟ. ಪ್ರತಿ ಟ್ರಸ್ಟೂ ಪ್ರತಿ ಅಂಗಡಿಯೂ ತನ್ನ ನೌಕರರ ವಯಸ್ಸು, ವೇತನ, ವಿಮೆಗಳ ಪಟ್ಟಿಯನ್ನು ಈ ವರ್ಷವೇ ಸಿದ್ಧಪಡಿಸಲಿ. ಇ.ಎಸ್.ಐ.ಗೆ ಅರ್ಹರಾದವರನ್ನು ಸೇರಿಸಲಿ, ಅನ್ವಯಿಸದ ಕಡೆ ಗುಂಪು ವಿಮೆಯ ಕಂತನ್ನು ಸಂಸ್ಥೆಯೇ ಭರಿಸಲಿ. ನಿವೃತ್ತನಾಗುವವನಿಗೆ ಶಾಲು, ಫಲತಾಂಬೂಲದೊಡನೆ 120 ರೂಪಾಯಿಯ ಸೌಲಭ್ಯದ ಅರ್ಜಿಯನ್ನೂ ಭರ್ತಿಮಾಡಿ ಕೊಡಲಿ. 58ರಿಂದ 70ರವರೆಗಿನ ಅಂತರವನ್ನು ಮುಚ್ಚಬೇಕೆಂದು ಸರ್ಕಾರವನ್ನು ಕೇಳುವ ನೈತಿಕ ಅಧಿಕಾರ, ತನ್ನ ಮನೆಯ ಲೆಕ್ಕವನ್ನು ಮೊದಲು ಚುಕ್ತಾ ಮಾಡಿದ ಸಮಾಜಕ್ಕೆ ಮಾತ್ರ ಇರುತ್ತದೆ.